ಕಟ್ಟಡ ಮತ್ತು ಅಗ್ನಿಸುರಕ್ಷಾ ಸಂಹಿತೆಗಳ ಪರಿಷ್ಕರಣೆ: ಭಾರತ

ಕಟ್ಟಡವೊಂದನ್ನು ಎಲ್ಲಿ, ಎಷ್ಟು ಎತ್ತರಕ್ಕೆ, ಯಾವ ಸಾಮಗ್ರಿಯಿಂದ ಕಟ್ಟಬಹುದು, ಅದರೊಳಗೆ ಎಷ್ಟು ಜನ ಇರಬಹುದು, ಅಪಾಯ ಒದಗಿದಾಗ ಅವರು ಯಾವ ದಾರಿಯಿಂದ ಹೊರಬರಬೇಕು ಎಂಬುದನ್ನು ಗೊತ್ತುಪಡಿಸುವ ತಾಂತ್ರಿಕ ನಿಯಮಗಳ ಸಂಗ್ರಹಕ್ಕೆ ಕಟ್ಟಡ ಸಂಹಿತೆ ಎಂದು ಹೆಸರು. ಅದರಲ್ಲಿ ಬೆಂಕಿ ಹೊತ್ತದಂತೆ ತಡೆಯುವುದಕ್ಕೆ, ಹೊತ್ತಿದ ಬೆಂಕಿ ಹರಡದಂತೆ ಹಿಡಿದಿಡುವುದಕ್ಕೆ ಮತ್ತು ಒಳಗಿರುವವರ ಜೀವ ಉಳಿಸುವುದಕ್ಕೆ ಸಂಬಂಧಿಸಿದ ಭಾಗವನ್ನು ಅಗ್ನಿಸುರಕ್ಷಾ ಸಂಹಿತೆ ಎನ್ನುತ್ತಾರೆ. ಭಾರತದಲ್ಲಿ ಇವೆರಡಕ್ಕೂ ಮೂಲ ಆಕರವಾಗಿರುವುದು ಭಾರತೀಯ ಮಾನಕ ಬ್ಯೂರೋ ಪ್ರಕಟಿಸುವ ರಾಷ್ಟ್ರೀಯ ಕಟ್ಟಡ ಸಂಹಿತೆ. 1970ರಲ್ಲಿ ಮೊದಲ ಬಾರಿಗೆ ಹೊರಬಂದ ಇದು 1983, 2005 ಮತ್ತು 2016ರಲ್ಲಿ ಸಮಗ್ರವಾಗಿ ಪರಿಷ್ಕೃತವಾಗಿದೆ. ಆದರೆ ಈ ಗ್ರಂಥ ತಾನಾಗಿಯೇ ಕಾನೂನಲ್ಲ; ರಾಜ್ಯ ಸರ್ಕಾರದ ಶಾಸನ ಅಥವಾ ಸ್ಥಳೀಯ ಸಂಸ್ಥೆಯ ಉಪವಿಧಿ ಅದನ್ನು ಅಂಗೀಕರಿಸಿದಾಗ ಮಾತ್ರ ಅದಕ್ಕೆ ಕಡ್ಡಾಯದ ಬಲ ಬರುತ್ತದೆ. ಹೀಗಾಗಿ ಪ್ರತಿಯೊಂದು ಪರಿಷ್ಕರಣೆಯೂ ಇಲ್ಲಿ ಎರಡು ಸಲ ನಡೆಯಬೇಕಾಗುತ್ತದೆ, ಒಮ್ಮೆ ತಜ್ಞರ ಸಮಿತಿಯಲ್ಲಿ, ಮತ್ತೊಮ್ಮೆ ಒಂದೊಂದು ರಾಜ್ಯದ ಮತ್ತು ಒಂದೊಂದು ನಗರದ ನಿಯಮಾವಳಿಯಲ್ಲಿ. ಈ ಎರಡು ಹಂತಗಳ ನಡುವೆ ಉಳಿದುಬರುವ ಅಂತರವೇ ಭಾರತದ ಕಟ್ಟಡ ಸುರಕ್ಷತೆಯ ಇತಿಹಾಸವನ್ನು ಬಹುಮಟ್ಟಿಗೆ ರೂಪಿಸಿದೆ.

ಮಾನಕ, ಸಂಹಿತೆ, ಉಪವಿಧಿ

ಒಂದೇ ವಸ್ತುವಿನ ಅಥವಾ ಒಂದೇ ಕೆಲಸದ ಗುಣಮಟ್ಟವನ್ನು ಹೇಳುವ ದಾಖಲೆ ಮಾನಕ. ಬೆಂಕಿ ನಂದಿಸುವ ಸಿಲಿಂಡರಿಗೆ, ಅಗ್ನಿನಿರೋಧಕ ಬಾಗಿಲಿಗೆ, ಕಾಂಕ್ರೀಟಿಗೆ ಬೇರೆ ಬೇರೆ ಮಾನಕಗಳಿವೆ. ಇಂಥ ನೂರಾರು ಮಾನಕಗಳನ್ನು ಆಧಾರವಾಗಿಟ್ಟುಕೊಂಡು ಇಡೀ ಕಟ್ಟಡಕ್ಕೆ ಅನ್ವಯಿಸುವಂತೆ ಹೊಂದಿಸಿದ ನಿಯಮಸಮೂಹ ಸಂಹಿತೆ. ನಗರಪಾಲಿಕೆ, ಪುರಸಭೆ ಅಥವಾ ನಗರಾಭಿವೃದ್ಧಿ ಪ್ರಾಧಿಕಾರ ತನ್ನ ವ್ಯಾಪ್ತಿಗಾಗಿ ಹೊರಡಿಸುವ, ಮೀರಿದರೆ ದಂಡ ಅಥವಾ ತೆರವಿಗೆ ಅವಕಾಶವಿರುವ ನಿಯಮ ಉಪವಿಧಿ; ಬಳಕೆಯಲ್ಲಿ ಇದನ್ನು ಬೈಲಾ ಎಂದೇ ಕರೆಯುತ್ತಾರೆ. ಮನೆ ಕಟ್ಟುವವರು ನಕ್ಷೆ ಮಂಜೂರಾತಿಗೆ ಹೋದಾಗ ಎದುರಾಗುವುದು ಈ ಮೂರನೆಯದು, ಮೊದಲ ಎರಡು ಅದರ ಬೆನ್ನಿಗಿರುತ್ತವೆ.

ನಿಯಮಗಳನ್ನು ಬರೆಯುವ ರೀತಿಯಲ್ಲೂ ಎರಡು ಬಗೆಗಳಿವೆ. ಮೆಟ್ಟಿಲಿನ ಅಗಲ ಇಷ್ಟಿರಬೇಕು, ಗೋಡೆ ಇಷ್ಟು ಗಂಟೆ ಬೆಂಕಿಯನ್ನು ತಾಳಬೇಕು ಎಂದು ಅಳತೆಯನ್ನೇ ಹೇಳಿಬಿಡುವುದು ಒಂದು ಬಗೆ. ಒಳಗಿರುವವರೆಲ್ಲ ಹೊಗೆ ತುಂಬುವ ಮೊದಲೇ ಹೊರಬರುವಂತಿರಬೇಕು ಎಂದು ಗುರಿಯನ್ನು ಮಾತ್ರ ಹೇಳಿ, ಅದನ್ನು ಸಾಧಿಸುವ ಮಾರ್ಗವನ್ನು ಲೆಕ್ಕಾಚಾರ ಸಹಿತ ತೋರಿಸುವ ಹೊಣೆಯನ್ನು ವಿನ್ಯಾಸಕಾರರಿಗೆ ಬಿಡುವುದು ಇನ್ನೊಂದು ಬಗೆ. ಮೊದಲನೆಯದನ್ನು ತಪಾಸಣೆ ಮಾಡುವುದು ಸುಲಭವಾದರೂ ಹೊಸ ಬಗೆಯ ಕಟ್ಟಡ ಬಂದಾಗಲೆಲ್ಲ ಅದನ್ನು ತಿದ್ದಬೇಕಾಗುತ್ತದೆ; ಎರಡನೆಯದು ಬಹುಕಾಲ ಬಾಳುತ್ತದಾದರೂ ಅದನ್ನು ಪರಿಶೀಲಿಸಬಲ್ಲ ನುರಿತ ಅಧಿಕಾರಿಗಳು ಬೇಕಾಗುತ್ತಾರೆ. ಭಾರತದ ಸಂಹಿತೆ ಮುಖ್ಯವಾಗಿ ಮೊದಲನೆಯ ಬಗೆಯದು.

ಹಿನ್ನೆಲೆ

ಲಂಡನ್ನಿನ 1666ರ ಮಹಾ ಅಗ್ನಿ ಅನಾಹುತದ ಮರುವರ್ಷವೇ ಅಲ್ಲಿ ಮರದ ಮನೆಗಳ ಬದಲು ಇಟ್ಟಿಗೆ ಅಥವಾ ಕಲ್ಲಿನ ಮನೆಗಳನ್ನೇ ಕಟ್ಟಬೇಕೆಂಬ ಕಾಯಿದೆ ಬಂದಿತು. ಬೀದಿಯಿಂದ ಬೀದಿಗೆ ಹಬ್ಬುವ ಬೆಂಕಿಯನ್ನು ತಡೆಯುವುದು ಅದರ ಉದ್ದೇಶವಾಗಿತ್ತು. ಕಟ್ಟಡ ಉಳಿದರೂ ಒಳಗಿರುವವರು ಸಾಯಬಹುದೆಂಬ ಅರಿವು ಶಾಸನದೊಳಗೆ ಬಂದುದು ಬಹಳ ತಡವಾಗಿ. ನ್ಯೂಯಾರ್ಕ್ ನಗರದ ಟ್ರಯಾಂಗಲ್ ಸಿದ್ಧ ಉಡುಪು ಕಾರ್ಖಾನೆಯಲ್ಲಿ 1911ರ ಮಾರ್ಚ್ 25ರಂದು ಬೆಂಕಿ ಬಿದ್ದಾಗ, ಬೀಗ ಹಾಕಿದ ಬಾಗಿಲು ಮತ್ತು ಕುಸಿದ ಕಬ್ಬಿಣದ ಹೊರಮೆಟ್ಟಿಲುಗಳಿಂದಾಗಿ 146 ಕಾರ್ಮಿಕರು ಸತ್ತರು. ಅವರಲ್ಲಿ ಹೆಚ್ಚಿನವರು ಎಳೆಯ ವಯಸ್ಸಿನ ಹೆಣ್ಣುಮಕ್ಕಳು. ಅಮೆರಿಕದ ರಾಷ್ಟ್ರೀಯ ಅಗ್ನಿರಕ್ಷಣಾ ಸಂಘ ಇದರ ಬಳಿಕ ಜೀವರಕ್ಷಣೆಗೆಂದೇ ಸಮಿತಿಯನ್ನು ನೇಮಿಸಿ, 1927ರಲ್ಲಿ ಕಟ್ಟಡಗಳ ನಿರ್ಗಮನ ಮಾರ್ಗಗಳ ಸಂಹಿತೆಯನ್ನು ಪ್ರಕಟಿಸಿತು. ಇಂದು ಹಲವು ದೇಶಗಳು ಅನುಸರಿಸುವ ಜೀವಸುರಕ್ಷಾ ಸಂಹಿತೆ ಅದರಿಂದಲೇ ಬೆಳೆದುದು.

ಭಾರತದಲ್ಲಿ ಬ್ರಿಟಿಷರ ಕಾಲದ ಪುರಸಭಾ ಕಾಯಿದೆಗಳು ಗಾಳಿ, ಬೆಳಕು, ಚರಂಡಿಗಳಿಗೆ ಕೊಟ್ಟಷ್ಟು ಗಮನವನ್ನು ಬೆಂಕಿಗೆ ಕೊಡಲಿಲ್ಲ. 1944ರ ಏಪ್ರಿಲ್ 14ರಂದು ಮುಂಬಯಿಯ ಬಂದರಿನಲ್ಲಿ ಸ್ಫೋಟಕ ಮತ್ತು ಹತ್ತಿಯನ್ನು ಹೊತ್ತಿದ್ದ ಫೋರ್ಟ್ ಸ್ಟೈಕೀನ್ ಹಡಗು ಸಿಡಿದು, ಬೆಂಕಿ ನಂದಿಸಲು ಹೋದ 66 ಮಂದಿ ಅಗ್ನಿಶಾಮಕ ಸಿಬ್ಬಂದಿ ಪ್ರಾಣ ತೆತ್ತರು. ಆ ದಿನವನ್ನು ದೇಶದಾದ್ಯಂತ ಅಗ್ನಿಶಾಮಕ ಸೇವಾ ದಿನವಾಗಿ ಆಚರಿಸುತ್ತಾರೆ. ಸ್ವಾತಂತ್ರ್ಯಾನಂತರ ಕೇಂದ್ರ ಗೃಹ ಸಚಿವಾಲಯ ನೇಮಿಸಿದ ಸ್ಥಾಯೀ ಅಗ್ನಿ ಸಲಹಾ ಸಮಿತಿ 1958ರಲ್ಲಿ ರಾಜ್ಯಗಳಿಗಾಗಿ ಒಂದು ಮಾದರಿ ಮಸೂದೆಯನ್ನು ಸಿದ್ಧಪಡಿಸಿತು. ಅನೇಕ ರಾಜ್ಯಗಳ ಅಗ್ನಿಶಾಮಕ ಕಾಯಿದೆಗಳಿಗೆ ಅದೇ ಅಡಿಪಾಯವಾಯಿತು.

ರಾಷ್ಟ್ರೀಯ ಕಟ್ಟಡ ಸಂಹಿತೆಯ ಆವೃತ್ತಿಗಳು

ಸಂಹಿತೆಯ ಹುಟ್ಟಿಗೆ ಪ್ರೇರಣೆಯಾದುದು ಸುರಕ್ಷತೆಗಿಂತ ಹೆಚ್ಚಾಗಿ ಮಿತವ್ಯಯ. ಪಂಚವಾರ್ಷಿಕ ಯೋಜನೆಗಳ ಹಣದಲ್ಲಿ ದೊಡ್ಡ ಪಾಲು ಕಟ್ಟಡ ಕಾಮಗಾರಿಗಳಿಗೆ ಹೋಗುತ್ತಿದ್ದುದರಿಂದ ಯೋಜನಾ ಆಯೋಗದ ತಜ್ಞರ ತಂಡ ಈ ಕ್ಷೇತ್ರವನ್ನು ಪರಿಶೀಲಿಸಿ, ಊರಿಗೊಂದು ಇಲಾಖೆಗೊಂದು ನಿಯಮಾವಳಿ ಇರುವುದರಿಂದ ವೆಚ್ಚವೂ ವಿಳಂಬವೂ ಹೆಚ್ಚುತ್ತಿವೆಯೆಂದು ಕಂಡು, ಇಡೀ ದೇಶಕ್ಕೆ ಒಪ್ಪುವ ಒಂದು ಸಂಹಿತೆಯನ್ನು ರೂಪಿಸಬೇಕೆಂದು ಸಲಹೆ ಮಾಡಿತು. 1947ರಲ್ಲಿ ಸ್ಥಾಪನೆಯಾಗಿದ್ದ ಭಾರತೀಯ ಮಾನಕ ಸಂಸ್ಥೆ ಈ ಕೆಲಸವನ್ನು ವಹಿಸಿಕೊಂಡು 1970ರಲ್ಲಿ ಮೊದಲ ಆವೃತ್ತಿಯನ್ನು ಹೊರತಂದಿತು. 1986ರ ಕಾಯಿದೆಯಂತೆ ಈ ಸಂಸ್ಥೆ ಭಾರತೀಯ ಮಾನಕ ಬ್ಯೂರೋ ಆಗಿ ಮಾರ್ಪಟ್ಟ ಮೇಲೆ ಸಂಹಿತೆಯ ಹೊಣೆಯೂ ಅದಕ್ಕೆ ಬಂದಿತು.

1983ರ ಆವೃತ್ತಿಗೆ ಮೂರು ದೊಡ್ಡ ತಿದ್ದುಪಡಿಗಳಾದವು: ಎರಡು 1987ರಲ್ಲಿ, ಮೂರನೆಯದು 1997ರಲ್ಲಿ. ಬೆಂಕಿಗೆ ಮೀಸಲಾದ ನಾಲ್ಕನೆಯ ಭಾಗಕ್ಕೆ ಹೊಸ ರೂಪ ಕೊಟ್ಟುದು ಈ ಮೂರನೆಯ ತಿದ್ದುಪಡಿ. ಅಗ್ನಿ ತಡೆ, ಜೀವಸುರಕ್ಷೆ, ಅಗ್ನಿ ರಕ್ಷಣೆ ಎಂಬ ಮೂರು ಕವಲುಗಳಾಗಿ ವಿಷಯವನ್ನು ಬೇರ್ಪಡಿಸುವ ಕ್ರಮ ಆಗ ನೆಲೆಗೊಂಡಿತು. ಮೊದಲನೆಯದು ಕಟ್ಟಡದ ವಿನ್ಯಾಸ ಮತ್ತು ಸಾಮಗ್ರಿಗಳಿಗೆ, ಎರಡನೆಯದು ಜನ ಹೊರಬರುವ ಏರ್ಪಾಟಿಗೆ, ಮೂರನೆಯದು ನೀರು, ಸ್ಪ್ರಿಂಕ್ಲರ್, ಎಚ್ಚರಿಕೆ ಗಂಟೆ ಮೊದಲಾದ ಉಪಕರಣಗಳಿಗೆ ಸಂಬಂಧಿಸಿದುದು. 2005ರ ಆವೃತ್ತಿ 2001ರ ಭುಜ್ ಭೂಕಂಪದ ಅನುಭವವನ್ನು ಒಳಗೊಂಡು ಬಂದರೆ, 2015ರ ತಿದ್ದುಪಡಿ ಪರಿಸರಸ್ನೇಹಿ ನಿರ್ಮಾಣವನ್ನು ಕುರಿತ ಹೊಸ ಭಾಗವೊಂದನ್ನು ಸೇರಿಸಿತು. 2016ರ ಆವೃತ್ತಿ ಎರಡು ಸಂಪುಟಗಳಷ್ಟು ದೊಡ್ಡದು. ಮೆಟ್ರೊ ನಿಲ್ದಾಣ, ಹಲವು ಮಹಡಿಗಳಷ್ಟು ಎತ್ತರಕ್ಕೆ ತೆರೆದ ಒಳಾಂಗಣ, ವಾಣಿಜ್ಯ ಅಡುಗೆಮನೆ ಮುಂತಾದವುಗಳಿಗೆ ಅದರಲ್ಲಿ ಪ್ರತ್ಯೇಕ ಅನುಬಂಧಗಳಿವೆ.

ಪರಿಷ್ಕರಣೆಯ ಕ್ರಮ

ಬ್ಯೂರೋದ ಸಿವಿಲ್ ಎಂಜಿನಿಯರಿಂಗ್ ವಿಭಾಗದಡಿಯಲ್ಲಿ ಸಂಹಿತೆಗಾಗಿಯೇ ಒಂದು ಸಮಿತಿ ಇದ್ದು, ಅದರಲ್ಲಿ ಸರ್ಕಾರಿ ಇಲಾಖೆಗಳು, ಶಿಕ್ಷಣ ಮತ್ತು ಸಂಶೋಧನಾ ಸಂಸ್ಥೆಗಳು, ಉದ್ಯಮ ಮತ್ತು ವೃತ್ತಿ ಸಂಘಟನೆಗಳ ಪ್ರತಿನಿಧಿಗಳಿರುತ್ತಾರೆ; ಒಂದೊಂದು ಭಾಗವನ್ನು ಅದರದೇ ತಜ್ಞರ ಉಪತಂಡ ಸಿದ್ಧಪಡಿಸುತ್ತದೆ. ಕರಡನ್ನು ಸಾರ್ವಜನಿಕ ಪ್ರತಿಕ್ರಿಯೆಗೆ ಬಿಡುಗಡೆ ಮಾಡಿ, ಬಂದ ಆಕ್ಷೇಪಗಳನ್ನು ಸಮಿತಿ ಚರ್ಚಿಸಿ, ಒಮ್ಮತ ಮೂಡಿದ ಬಳಿಕ ಅಂತಿಮಗೊಳಿಸುವುದು ವಾಡಿಕೆ. ಪ್ರತಿಯೊಂದು ಮಾನಕವನ್ನೂ ಐದು ವರ್ಷಗಳಿಗೊಮ್ಮೆಯಾದರೂ ಮರುಪರಿಶೀಲಿಸಿ, ಹಾಗೆಯೇ ಉಳಿಸಿಕೊಳ್ಳುವುದೋ, ತಿದ್ದುವುದೋ, ಪೂರ್ತಿ ಪರಿಷ್ಕರಿಸುವುದೋ, ಹಿಂತೆಗೆದುಕೊಳ್ಳುವುದೋ ಎಂಬುದನ್ನು ತೀರ್ಮಾನಿಸಬೇಕೆಂಬುದು ಬ್ಯೂರೋದ ನಿಯಮ. ಸಮಗ್ರ ಸಂಹಿತೆಯ ವಿಷಯದಲ್ಲಿ ಈ ಅವಧಿ ಬಹಳ ಲಂಬಿಸಿದೆ: ಮೊದಲ ಮತ್ತು ಎರಡನೆಯ ಆವೃತ್ತಿಗಳ ನಡುವೆ 13, ಎರಡನೆಯ ಮತ್ತು ಮೂರನೆಯ ಆವೃತ್ತಿಗಳ ನಡುವೆ 22, ಮೂರನೆಯ ಮತ್ತು ನಾಲ್ಕನೆಯ ಆವೃತ್ತಿಗಳ ನಡುವೆ 11 ವರ್ಷಗಳು ಕಳೆದಿವೆ. ಅಮೆರಿಕದಲ್ಲಿ ಬಳಕೆಯಲ್ಲಿರುವ ಅಂತರರಾಷ್ಟ್ರೀಯ ಕಟ್ಟಡ ಸಂಹಿತೆಯ ಹೊಸ ಆವೃತ್ತಿ ಮೂರು ವರ್ಷಗಳಿಗೊಮ್ಮೆ ತಪ್ಪದೆ ಬರುತ್ತದೆ.

ನಾಲ್ಕನೆಯ ಭಾಗದ ಮುಖ್ಯ ಪರಿಕಲ್ಪನೆಗಳು

ಬೆಂಕಿಯ ಅಪಾಯ ಕಟ್ಟಡದ ಬಳಕೆಯನ್ನು ಅವಲಂಬಿಸುತ್ತದೆ ಎಂಬುದು ಈ ಭಾಗದ ಮೂಲ ತತ್ತ್ವ. ವಾಸ, ಶಿಕ್ಷಣ, ಆಸ್ಪತ್ರೆಯಂಥ ಸಾಂಸ್ಥಿಕ ಬಳಕೆ, ಜನಸಭೆ, ಕಚೇರಿ, ವ್ಯಾಪಾರ, ಕೈಗಾರಿಕೆ, ದಾಸ್ತಾನು, ಅಪಾಯಕಾರಿ ಉದ್ಯಮ ಎಂಬ ಒಂಬತ್ತು ವರ್ಗಗಳಾಗಿ ಕಟ್ಟಡಗಳನ್ನು ವಿಂಗಡಿಸಲಾಗಿದೆ. ಮಲಗಿರುವ ರೋಗಿ ತಾನಾಗಿ ಇಳಿದುಬರಲಾರ, ಸಿನಿಮಾ ಮಂದಿರದ ಪ್ರೇಕ್ಷಕನಿಗೆ ಆ ಕಟ್ಟಡದ ಪರಿಚಯವಿರುವುದಿಲ್ಲ, ಗೋದಾಮಿನಲ್ಲಿ ಜನ ಕಡಿಮೆಯಾದರೂ ಸುಡುವ ಸರಕು ಹೆಚ್ಚು. ಆದ್ದರಿಂದ ಒಂದೇ ಅಳತೆಯ ಕಟ್ಟಡಕ್ಕೆ ವರ್ಗ ಬದಲಾದಂತೆ ನಿಯಮಗಳೂ ಬದಲಾಗುತ್ತವೆ. ವಾಸಕ್ಕೆ ಮಂಜೂರಾದ ಕಟ್ಟಡದಲ್ಲಿ ಕೋಚಿಂಗ್ ತರಗತಿಯನ್ನೋ ಪಬ್ ಅನ್ನೋ ನಡೆಸುವುದು ಬರಿಯ ಪರವಾನಗಿಯ ಉಲ್ಲಂಘನೆಯಲ್ಲ, ಸುರಕ್ಷತೆಯ ಲೆಕ್ಕವನ್ನೇ ಬುಡಮೇಲು ಮಾಡುವ ಕ್ರಮವಾಗುವುದು ಈ ಕಾರಣದಿಂದ.

ಒಂದು ಮಹಡಿಯಲ್ಲಿ ಎಷ್ಟು ಜನರಿರಬಹುದೆಂಬ ಅಂದಾಜಿಗೆ ಜನಭಾರ ಎಂದು ಹೆಸರು. ಸಂಹಿತೆಯಂತೆ ಕಚೇರಿಯಲ್ಲಿ ತಲಾ 10 ಚದರ ಮೀಟರ್, ವಾಸದ ಕಟ್ಟಡದಲ್ಲಿ 12.5, ಶಾಲೆಯಲ್ಲಿ 4 ಚದರ ಮೀಟರ್ ಎಂದು ಹಿಡಿಯುತ್ತಾರೆ. ಹೀಗೆ 1,000 ಚದರ ಮೀಟರಿನ ಕಚೇರಿ ಮಹಡಿಯಲ್ಲಿ 100 ಮಂದಿ, ಅಷ್ಟೇ ವಿಸ್ತಾರದ ಶಾಲೆಯಲ್ಲಿ 250 ಮಂದಿ ಇರುತ್ತಾರೆಂದು ಭಾವಿಸಿ ಬಾಗಿಲು, ಮೆಟ್ಟಿಲುಗಳ ಅಗಲವನ್ನು ನಿರ್ಧರಿಸಬೇಕು. ಈ ಅಗಲವನ್ನು ಲೆಕ್ಕಹಾಕಲು ಹಳೆಯ ಆವೃತ್ತಿಗಳು ಒಬ್ಬರ ಹಿಂದೊಬ್ಬರು ಸಾಗುವ ಒಂದು ಸಾಲಿಗೆ 50 ಸೆಂಟಿಮೀಟರ್ ಎಂಬ ಘಟಕವನ್ನು ಬಳಸುತ್ತಿದ್ದವು. 2016ರ ಆವೃತ್ತಿ ಅದನ್ನು ಬಿಟ್ಟು ತಲೆಗೆ ಇಷ್ಟು ಮಿಲಿಮೀಟರ್ ಎಂಬ ಕ್ರಮವನ್ನು ಅಳವಡಿಸಿಕೊಂಡಿತು. ಜೊತೆಗೆ, ಕಟ್ಟಡದ ಯಾವುದೇ ಬಿಂದುವಿನಿಂದ ಸುರಕ್ಷಿತ ನಿರ್ಗಮನದವರೆಗೆ ನಡೆಯಬೇಕಾದ ದೂರಕ್ಕೂ ಮಿತಿಯಿದೆ. ಹೆಚ್ಚು ಅಗ್ನಿನಿರೋಧಕವಾದ ವಾಸದ ಕಟ್ಟಡದಲ್ಲಿ ಅದು 30 ಮೀಟರ್.

ನೆಲಮಟ್ಟದಿಂದ 15 ಮೀಟರ್ ಅಥವಾ ಅದಕ್ಕಿಂತ ಹೆಚ್ಚು ಎತ್ತರದ ಕಟ್ಟಡವನ್ನು ಸಂಹಿತೆ ಬಹುಮಹಡಿ ಕಟ್ಟಡವೆಂದು ಪರಿಗಣಿಸಿ ಹೆಚ್ಚಿನ ನಿಬಂಧನೆಗಳನ್ನು ವಿಧಿಸುತ್ತದೆ. ಕಟ್ಟಡದ ಸುತ್ತ ಅಗ್ನಿಶಾಮಕ ವಾಹನ ತಿರುಗಾಡಲು 6 ಮೀಟರ್ ಅಗಲದ, 45 ಟನ್ ಭಾರ ತಾಳುವ ಗಟ್ಟಿ ನೆಲವಿರಬೇಕು. ಸೆಟ್‌ಬ್ಯಾಕ್ ಎಂದು ಕರೆಯುವ ಈ ತೆರಪು ಗಾಳಿ ಬೆಳಕಿಗಾಗಿ ಮಾತ್ರವಲ್ಲ, ಏಣಿ ನಿಲ್ಲುವುದಕ್ಕೂ ಬೇಕು. ಎತ್ತರ 24 ಮೀಟರ್ ದಾಟಿದ ಮೇಲೆ, ಇಳಿಯಲಾರದವರು ಸಿಬ್ಬಂದಿ ಬರುವವರೆಗೆ ಕಾಯುವುದಕ್ಕಾಗಿ ಹೊರಗಿನ ಗಾಳಿಗೆ ತೆರೆದ ಆಶ್ರಯ ತಾಣಗಳು ಇರಬೇಕು. ಬೆಂಕಿಯಲ್ಲಿ ಸಾಯುವವರಲ್ಲಿ ಸುಟ್ಟು ಸಾಯುವವರಿಗಿಂತ ಹೊಗೆಯಿಂದ ಉಸಿರುಗಟ್ಟಿ ಸಾಯುವವರೇ ಹೆಚ್ಚಾದ್ದರಿಂದ, ಮೆಟ್ಟಿಲ ಕೋಣೆಯೊಳಗೆ ಹೊರಗಿಗಿಂತ ತುಸು ಹೆಚ್ಚು ವಾಯುಒತ್ತಡವನ್ನು ಫ್ಯಾನುಗಳಿಂದ ಉಂಟುಮಾಡಿ ಹೊಗೆ ನುಗ್ಗದಂತೆ ತಡೆಯುವ ಏರ್ಪಾಟಿಗೆ ಹೊಸ ಆವೃತ್ತಿಯಲ್ಲಿ ಒತ್ತು ದೊರೆತಿದೆ. ಮಹಡಿಯಿಂದ ಮಹಡಿಗೆ ಹಾಯುವ ವಿದ್ಯುತ್ ಕೇಬಲ್ಲುಗಳ ಡಕ್ಟನ್ನು ಪ್ರತಿ ಮಹಡಿಯಲ್ಲೂ ಅಗ್ನಿನಿರೋಧಕ ಸಾಮಗ್ರಿಯಿಂದ ಮುಚ್ಚಬೇಕೆಂಬ ನಿಯಮದ ಉದ್ದೇಶವೂ ಇದೇ.

ದುರಂತಗಳು ಮತ್ತು ನಿಯಮಗಳು

ಸಂಹಿತೆಯ ಬಹುತೇಕ ನಿಬಂಧನೆಗಳ ಹಿಂದೆ ಒಂದೊಂದು ದುರಂತವಿದೆ. ಆದರೆ ಭಾರತದ ಉದಾಹರಣೆಗಳನ್ನು ಒಟ್ಟಿಗೆ ಇಟ್ಟು ನೋಡಿದರೆ, ನಿಯಮವಿಲ್ಲದೆ ಆದ ಸಾವುಗಳಿಗಿಂತ ಇದ್ದ ನಿಯಮ ಜಾರಿಯಾಗದೆ ಆದ ಸಾವುಗಳೇ ಹೆಚ್ಚಾಗಿ ಕಾಣುತ್ತವೆ. ಹರಿಯಾಣದ ಡಬ್ವಾಲಿಯಲ್ಲಿ 1995ರ ಡಿಸೆಂಬರ್ 23ರಂದು ಶಾಲಾ ವಾರ್ಷಿಕೋತ್ಸವಕ್ಕೆಂದು ಸಂಶ್ಲೇಷಿತ ಬಟ್ಟೆಯಿಂದ ಹಾಕಿದ್ದ ಚಪ್ಪರ ಹೊತ್ತಿಕೊಂಡು 400ಕ್ಕೂ ಹೆಚ್ಚು ಮಂದಿ ಸತ್ತರು. ದೆಹಲಿಯ ಉಪಹಾರ್ ಚಿತ್ರಮಂದಿರದಲ್ಲಿ 1997ರ ಜೂನ್ 13ರಂದು ನೆಲಮಹಡಿಯ ಟ್ರಾನ್ಸ್‌ಫಾರ್ಮರಿನಿಂದ ಎದ್ದ ಬೆಂಕಿಯ ಹೊಗೆ ಬಾಲ್ಕನಿಗೆ ಏರಿ 59 ಮಂದಿ ಉಸಿರುಗಟ್ಟಿ ಸತ್ತರು. ಹೆಚ್ಚುವರಿ ಆಸನಗಳನ್ನು ಹಾಕಿ ಅಲ್ಲಿನ ಓಡಾಟದ ದಾರಿಯನ್ನು ಮುಚ್ಚಲಾಗಿತ್ತು. ತಮಿಳುನಾಡಿನ ಕುಂಭಕೋಣದ ಶಾಲೆಯೊಂದರಲ್ಲಿ 2004ರ ಜುಲೈ 16ರಂದು ಹುಲ್ಲಿನ ಚಾವಣಿಗೆ ಬೆಂಕಿ ಹತ್ತಿ 94 ಮಕ್ಕಳು ಬಲಿಯಾದರು. ಈ ದುರಂತದ ಹಿನ್ನೆಲೆಯಲ್ಲಿ ಸಲ್ಲಿಕೆಯಾದ ಅವಿನಾಶ್ ಮೆಹರೋತ್ರ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ 2009ರಲ್ಲಿ ತೀರ್ಪು ನೀಡಿ, ಶಿಕ್ಷಣದ ಹಕ್ಕಿನಲ್ಲಿ ಸುರಕ್ಷಿತ ಶಾಲೆಯ ಹಕ್ಕೂ ಅಡಕವಾಗಿದೆಯೆಂದು ಸಾರಿ, ಶಾಲಾ ಕಟ್ಟಡಗಳು ರಾಷ್ಟ್ರೀಯ ಕಟ್ಟಡ ಸಂಹಿತೆಯನ್ನು ಪಾಲಿಸಬೇಕೆಂದು ನಿರ್ದೇಶಿಸಿತು. ಸಲಹೆಯ ರೂಪದ ಸಂಹಿತೆಗೆ ನ್ಯಾಯಾಲಯದ ಆದೇಶದ ಮೂಲಕ ಕಡ್ಡಾಯದ ಬಲ ಬಂದ ಗಮನಾರ್ಹ ಸಂದರ್ಭ ಇದು.

ಕೋಲ್ಕತ್ತದ ಎಎಂಆರ್‌ಐ ಆಸ್ಪತ್ರೆಯಲ್ಲಿ 2011ರ ಡಿಸೆಂಬರಿನಲ್ಲಿ ನೆಲಮಾಳಿಗೆಯಲ್ಲಿ ಎದ್ದ ಹೊಗೆ ಗಾಜು ಮುಚ್ಚಿದ ಕಟ್ಟಡದಲ್ಲಿ ಹೊರಹೋಗಲು ದಾರಿಯಿಲ್ಲದೆ ವಾರ್ಡುಗಳನ್ನು ತುಂಬಿ ಸುಮಾರು 90 ಮಂದಿ ಸತ್ತರು. ನೆಲಮಾಳಿಗೆಯ ಬಳಕೆ ಮತ್ತು ಗಾಜಿನ ಹೊರಮೈಯಲ್ಲಿ ತೆರೆಯಬಹುದಾದ ಕಿಂಡಿಗಳ ಪ್ರಶ್ನೆ ಇದರಿಂದ ಮುನ್ನೆಲೆಗೆ ಬಂದಿತು. 2017ರ ಡಿಸೆಂಬರಿನಲ್ಲಿ ಮುಂಬಯಿಯ ಕಮಲಾ ಮಿಲ್ಸ್ ಆವರಣದ ತಾರಸಿ ರೆಸ್ಟೋರೆಂಟುಗಳಲ್ಲಿ 14 ಮಂದಿ, 2019ರ ಮೇನಲ್ಲಿ ಸೂರತ್ತಿನ ತಕ್ಷಶಿಲಾ ವಾಣಿಜ್ಯ ಸಂಕೀರ್ಣದ ಮೇಲಿನ ಕೋಚಿಂಗ್ ತರಗತಿಯಲ್ಲಿ 22 ವಿದ್ಯಾರ್ಥಿಗಳು ಸತ್ತ ಘಟನೆಗಳಲ್ಲಿ, ಮೂಲ ನಕ್ಷೆಯಲ್ಲಿಲ್ಲದ ನಿರ್ಮಾಣಗಳು ತಲೆಯೆತ್ತಿದ್ದವು. 2024ರ ಮೇನಲ್ಲಿ ರಾಜಕೋಟೆಯ ಟಿಆರ್‌ಪಿ ಆಟದ ತಾಣ ಸುಟ್ಟು ಇಪ್ಪತ್ತಕ್ಕೂ ಹೆಚ್ಚು ಮಂದಿ ಸತ್ತಾಗ, ಅದಕ್ಕೆ ಅಗ್ನಿಶಾಮಕ ಇಲಾಖೆಯ ನಿರಾಕ್ಷೇಪಣಾ ಪತ್ರವೇ ಇರಲಿಲ್ಲವೆಂಬುದು ಬೆಳಕಿಗೆ ಬಂದಿತು.

ಕಟ್ಟಡದ ಬಲಕ್ಕೆ ಸಂಬಂಧಿಸಿದ ನಿಯಮಗಳ ಚರಿತ್ರೆಯೂ ಇದೇ ಜಾಡಿನದು. ಭೂಕಂಪ ನಿರೋಧಕ ವಿನ್ಯಾಸದ ಮಾನಕ 1962ರಲ್ಲಿ ಮೊದಲು ಪ್ರಕಟವಾಯಿತು. ದಖ್ಖನ್ ಪ್ರಸ್ಥಭೂಮಿ ಸ್ಥಿರವಾದುದೆಂಬ ನಂಬಿಕೆಯನ್ನು 1967ರ ಕೊಯ್ನಾ ಭೂಕಂಪ ಅಲುಗಿಸಿದ ಮೇಲೆ 1970ರಲ್ಲಿ ವಲಯ ನಕ್ಷೆ ಬದಲಾಯಿತು. 1993ರ ಲಾತೂರ್ ಮತ್ತು 2001ರ ಭುಜ್ ಭೂಕಂಪಗಳ ಬಳಿಕ 2002ರ ಪರಿಷ್ಕರಣೆಯಲ್ಲಿ ಅತಿ ಕಡಿಮೆ ಅಪಾಯದ ಮೊದಲನೆಯ ವಲಯವನ್ನು ಕೈಬಿಟ್ಟು, ಎರಡರಿಂದ ಐದರವರೆಗಿನ ನಾಲ್ಕು ವಲಯಗಳನ್ನು ಉಳಿಸಿಕೊಳ್ಳಲಾಯಿತು. ಈ ನಕ್ಷೆಯಲ್ಲಿ ಕರ್ನಾಟಕದ ಪ್ರದೇಶವೆಲ್ಲ ಎರಡು ಮತ್ತು ಮೂರನೆಯ ವಲಯಗಳಿಗೆ ಸೇರಿತು. ಬೆಂಗಳೂರು ಎರಡನೆಯ ವಲಯದಲ್ಲಿತ್ತು.

ಶಾಸನದ ಚೌಕಟ್ಟು

ಸಂವಿಧಾನದ 74ನೆಯ ತಿದ್ದುಪಡಿಯಿಂದ ಬಂದ ಹನ್ನೆರಡನೆಯ ಅನುಸೂಚಿ ಕಟ್ಟಡ ನಿರ್ಮಾಣದ ನಿಯಂತ್ರಣ ಮತ್ತು ಅಗ್ನಿಶಾಮಕ ಸೇವೆ ಎರಡನ್ನೂ ನಗರ ಸ್ಥಳೀಯ ಸಂಸ್ಥೆಗಳ ಕಾರ್ಯಪಟ್ಟಿಯಲ್ಲಿ ಸೇರಿಸಿದೆ. ಆಚರಣೆಯಲ್ಲಿ ಕೆಲವು ರಾಜ್ಯಗಳಲ್ಲಿ ಅಗ್ನಿಶಾಮಕ ದಳ ಪಾಲಿಕೆಯ ಕೈಯಲ್ಲಿದ್ದರೆ, ಕರ್ನಾಟಕದಂಥ ರಾಜ್ಯಗಳಲ್ಲಿ ಅದು ರಾಜ್ಯ ಸರ್ಕಾರದ ಇಲಾಖೆ. ಕೇಂದ್ರದ ಪಾತ್ರ ಮಾದರಿಗಳನ್ನು ಒದಗಿಸುವುದಕ್ಕೆ ಸೀಮಿತ: ನಗರಾಭಿವೃದ್ಧಿ ಸಚಿವಾಲಯ 2004ರಲ್ಲಿ ಹೊರತಂದು 2016ರಲ್ಲಿ ಪರಿಷ್ಕರಿಸಿದ ಮಾದರಿ ಕಟ್ಟಡ ಉಪವಿಧಿಗಳು, ಗೃಹ ಸಚಿವಾಲಯ 2019ರಲ್ಲಿ ರಾಜ್ಯಗಳಿಗೆ ಕಳುಹಿಸಿದ ಅಗ್ನಿ ಮತ್ತು ತುರ್ತು ಸೇವೆಗಳ ಮಾದರಿ ಮಸೂದೆ ಈ ಬಗೆಯವು. ಉಪಕರಣ ಮತ್ತು ಠಾಣೆಗಳಿಗಾಗಿ ಹದಿನೈದನೆಯ ಹಣಕಾಸು ಆಯೋಗದ ಶಿಫಾರಸಿನಂತೆ 5,000 ಕೋಟಿ ರೂಪಾಯಿಗಳ ಯೋಜನೆಯನ್ನು ಕೇಂದ್ರ 2023ರಲ್ಲಿ ಆರಂಭಿಸಿತು.

ರಾಜ್ಯಗಳು ಈ ಮಾದರಿಗಳನ್ನು ತಮತಮಗೆ ಒಗ್ಗುವಂತೆ ಬದಲಿಸಿಕೊಂಡಿವೆ. ದೆಹಲಿಯಲ್ಲಿ ಎತ್ತರದ ಕಟ್ಟಡಗಳ ಅಗ್ನಿ ಅನಾಹುತಗಳ ಬಳಿಕ 1986ರಲ್ಲಿ ಪ್ರತ್ಯೇಕ ಅಗ್ನಿಸುರಕ್ಷಾ ಕಾಯಿದೆ ಬಂದು, ಮುಂದೆ ಅದರ ಸ್ಥಾನದಲ್ಲಿ 2007ರ ದೆಹಲಿ ಅಗ್ನಿಶಾಮಕ ಸೇವಾ ಕಾಯಿದೆ ಜಾರಿಯಾಯಿತು. ಮಹಾರಾಷ್ಟ್ರದ 2006ರ ಕಾಯಿದೆ ಅಗ್ನಿಸುರಕ್ಷಾ ಉಪಕರಣಗಳು ಸುಸ್ಥಿತಿಯಲ್ಲಿವೆಯೆಂಬ ಪ್ರಮಾಣಪತ್ರವನ್ನು ಪರವಾನಗಿ ಪಡೆದ ಸಂಸ್ಥೆಯಿಂದ ವರ್ಷಕ್ಕೆ ಎರಡು ಬಾರಿ, ಜನವರಿ ಮತ್ತು ಜುಲೈ ತಿಂಗಳುಗಳಲ್ಲಿ, ಪಡೆದು ಸಲ್ಲಿಸುವ ಹೊಣೆಯನ್ನು ಮಾಲೀಕರ ಮೇಲೆ ಹೊರಿಸಿತು. ಕಟ್ಟುವಾಗ ಒಮ್ಮೆ ಪಡೆದ ಒಪ್ಪಿಗೆ ಸದಾಕಾಲ ಸಲ್ಲುವುದಿಲ್ಲ ಎಂಬ ಇದರ ತತ್ತ್ವ ಸಂಹಿತೆಯ ಪಠ್ಯದಷ್ಟೇ ಮಹತ್ತ್ವದ್ದು.

ಕರ್ನಾಟಕದಲ್ಲಿ

ರಾಜ್ಯದಲ್ಲಿ ಅಗ್ನಿಸುರಕ್ಷೆಯ ಮೂಲ ಶಾಸನ 1964ರ ಅಗ್ನಿಶಾಮಕ ದಳ ಕಾಯಿದೆ. ಕಟ್ಟಡ ನಿಯಂತ್ರಣ 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯಿದೆ, 1976ರ ಮಹಾನಗರ ಪಾಲಿಕೆಗಳ ಕಾಯಿದೆ ಮತ್ತು ಅವುಗಳಡಿ ರೂಪುಗೊಂಡ ವಲಯ ನಿಯಮಾವಳಿ, ಉಪವಿಧಿಗಳಿಗೆ ಸೇರಿದುದು. ಬೆಂಗಳೂರಿನ ಕಟ್ಟಡ ಉಪವಿಧಿಗಳು 2003ರಲ್ಲಿ ಪ್ರಕಟವಾಗಿ ಆಮೇಲೆ ಹಲವು ತಿದ್ದುಪಡಿಗಳನ್ನು ಕಂಡಿವೆ. ಎತ್ತರದ ಕಟ್ಟಡ ಕಟ್ಟುವವರು ನಕ್ಷೆಯ ಹಂತದಲ್ಲಿ ಅಗ್ನಿಶಾಮಕ ಮತ್ತು ತುರ್ತು ಸೇವೆಗಳ ಇಲಾಖೆಯಿಂದ ಎನ್‌ಒಸಿ ಎಂದು ಪರಿಚಿತವಾದ ನಿರಾಕ್ಷೇಪಣಾ ಪತ್ರವನ್ನು ಪಡೆಯಬೇಕು. ಕಾಮಗಾರಿ ಮುಗಿದ ಮೇಲೆ ಅದರ ಷರತ್ತುಗಳು ಈಡೇರಿವೆಯೆಂಬ ತೀರುವಳಿ ಪತ್ರ ಪಡೆಯಬೇಕು. ಅನಂತರವೇ ಪಾಲಿಕೆ ಸ್ವಾಧೀನಾನುಭವ ಪ್ರಮಾಣಪತ್ರ, ಅಂದರೆ ಓಸಿ, ಕೊಡುತ್ತದೆ.

1981ರ ಫೆಬ್ರವರಿ 7ರಂದು ಬೆಂಗಳೂರಿನಲ್ಲಿ ವೀನಸ್ ಸರ್ಕಸ್ಸಿನ ಡೇರೆ ಸುಟ್ಟು ಹತ್ತಾರು ಮಕ್ಕಳು ಸತ್ತುದು ತಾತ್ಕಾಲಿಕ ನಿರ್ಮಾಣಗಳ ಅಪಾಯವನ್ನೂ, 1983ರಲ್ಲಿ ಗಂಗಾರಾಮ್ ಕಟ್ಟಡ ನಿರ್ಮಾಣ ಹಂತದಲ್ಲೇ ಕುಸಿದು ನೂರಕ್ಕೂ ಹೆಚ್ಚು ಮಂದಿ ಸತ್ತುದು ಕಾಮಗಾರಿಯ ಮೇಲ್ವಿಚಾರಣೆಯ ಕೊರತೆಯನ್ನೂ ತೋರಿಸಿದವು. ಬಹುಮಹಡಿ ಕಟ್ಟಡಗಳ ಮಟ್ಟಿಗೆ ತಿರುವು ತಂದುದು 2010ರ ಫೆಬ್ರವರಿ 23ರ ಕಾರ್ಲ್‌ಟನ್ ಟವರ್ಸ್ ದುರಂತ. ಹಳೆಯ ವಿಮಾನ ನಿಲ್ದಾಣ ರಸ್ತೆಯ ಈ ವಾಣಿಜ್ಯ ಸಂಕೀರ್ಣದಲ್ಲಿ ವಿದ್ಯುತ್ ಡಕ್ಟಿನಲ್ಲಿ ಎದ್ದ ಬೆಂಕಿಗಿಂತ ಮೇಲ್ಮಹಡಿಗಳಿಗೆ ಏರಿದ ಹೊಗೆಯೇ ಮಾರಕವಾಯಿತು; ಹೊರದಾರಿ ಕಾಣದೆ ಕೆಲವರು ಕಿಟಕಿಗಳಿಂದ ಹಾರಿದರು, ಒಟ್ಟು 9 ಮಂದಿ ಸತ್ತರು. ಸಂತ್ರಸ್ತರ ಕುಟುಂಬದವರು ಕಟ್ಟಿದ ಬಿಯಾಂಡ್ ಕಾರ್ಲ್‌ಟನ್ ಸಂಘಟನೆ ನ್ಯಾಯಾಲಯದ ಮೊರೆಹೊಕ್ಕು, ಅಗ್ನಿಸುರಕ್ಷೆಯನ್ನು ನಾಗರಿಕ ಹಕ್ಕಿನ ವಿಷಯವಾಗಿ ಮುಂದೆ ತಂದಿತು. ಸರ್ಕಾರ 2011ರಲ್ಲಿ ಹೊರಡಿಸಿದ ಅಧಿಸೂಚನೆ ಎತ್ತರದ ಕಟ್ಟಡಗಳ ಸುರಕ್ಷಾ ಏರ್ಪಾಟುಗಳನ್ನು ಕಡ್ಡಾಯಗೊಳಿಸಿದ್ದಲ್ಲದೆ, ಎರಡು ವರ್ಷಗಳಿಗೊಮ್ಮೆ ಅವುಗಳ ದೃಢೀಕರಣವನ್ನೂ ವಿಧಿಸಿತು.

ರಾಷ್ಟ್ರೀಯ ಸಂಹಿತೆಗೂ ರಾಜ್ಯದ ನಿಯಮಕ್ಕೂ ಇರುವ ಅಂತರಕ್ಕೆ ಕರ್ನಾಟಕದಲ್ಲಿ ಸ್ಪಷ್ಟ ನಿದರ್ಶನವಿದೆ. ಸಂಹಿತೆ 15 ಮೀಟರಿನಿಂದಲೇ ಬಹುಮಹಡಿ ಕಟ್ಟಡವೆಂದು ಪರಿಗಣಿಸಿದರೆ, ರಾಜ್ಯದಲ್ಲಿ ಈ ಮಿತಿಯನ್ನು ಮುಂದೆ 21 ಮೀಟರಿಗೆ ಏರಿಸಲಾಯಿತು. ಇದರಿಂದ ಐದಾರು ಮಹಡಿಗಳ ಅನೇಕ ಅಪಾರ್ಟ್‌ಮೆಂಟುಗಳು, ಪಿಜಿ ವಸತಿಗೃಹಗಳು, ಸಣ್ಣ ಆಸ್ಪತ್ರೆಗಳು ಬಹುಮಹಡಿ ಕಟ್ಟಡಗಳಿಗೆ ವಿಧಿಸಿದ ಕಟ್ಟುನಿಟ್ಟಾದ ಪರಿಶೀಲನೆಯಿಂದ ಹೊರಗುಳಿಯುತ್ತವೆ. ಸಣ್ಣ ನಿವೇಶನದಲ್ಲಿ ಕಟ್ಟುವವರಿಗೆ ವೆಚ್ಚವೂ ಅಲೆದಾಟವೂ ತಗ್ಗುತ್ತವೆಂಬುದು ಇಂಥ ಸಡಿಲಿಕೆಯ ಪರವಾದ ವಾದ. ಬೆಂಕಿಯ ವರ್ತನೆ ರಾಜ್ಯದಿಂದ ರಾಜ್ಯಕ್ಕೆ ಬದಲಾಗುವುದಿಲ್ಲವೆಂಬುದು ವಿರೋಧಿಸುವವರ ವಾದ.

ಹಳೆಯ ಕಟ್ಟಡಗಳ ಪ್ರಶ್ನೆ

ಹೊಸ ಸಂಹಿತೆ ಸಾಮಾನ್ಯವಾಗಿ ಹೊಸ ಕಟ್ಟಡಗಳಿಗೆ ಅನ್ವಯಿಸುತ್ತದೆ. ಕಟ್ಟುವಾಗ ಇದ್ದ ನಿಯಮವನ್ನು ಪಾಲಿಸಿದ ಮಾಲೀಕನ ಮೇಲೆ ಮುಂದೆ ಬಂದ ನಿಯಮವನ್ನು ಹೇರುವುದು ನ್ಯಾಯವೇ ಎಂಬ ಪ್ರಶ್ನೆ ಎಲ್ಲ ದೇಶಗಳಲ್ಲೂ ಇದೆ. ಎಚ್ಚರಿಕೆ ಗಂಟೆ, ಸ್ಪ್ರಿಂಕ್ಲರುಗಳನ್ನು ಆಮೇಲೆಯೂ ಅಳವಡಿಸಬಹುದು. ಎರಡನೆಯ ಮೆಟ್ಟಿಲನ್ನಾಗಲಿ ಆರು ಮೀಟರ್ ತೆರಪನ್ನಾಗಲಿ ಆಮೇಲೆ ತರುವುದು ಬಹುತೇಕ ಅಸಾಧ್ಯ. ಚಿಕ್ಕಪೇಟೆ, ನಗರ್ತಪೇಟೆಯಂಥ ಬೆಂಗಳೂರಿನ ಹಳೆಯ ಪೇಟೆಗಳಲ್ಲಿ ಕೆಳಗೆ ಅಂಗಡಿ, ನಡುವೆ ಗೋದಾಮು, ಮೇಲೆ ಮನೆ ಇರುವ ಕಟ್ಟಡಗಳು ಅಗ್ನಿಶಾಮಕ ವಾಹನ ನುಗ್ಗಲಾರದ ಓಣಿಗಳಲ್ಲಿ ಒತ್ತೊತ್ತಾಗಿ ನಿಂತಿವೆ. ಇಂಥ ಕಡೆಗಳಲ್ಲಿ ಸಂಹಿತೆಯನ್ನು ಅಕ್ಷರಶಃ ಜಾರಿಮಾಡುವುದಕ್ಕಿಂತ, ಓಣಿಗಳಲ್ಲಿ ನೀರಿನ ಹೈಡ್ರಂಟು, ಸಣ್ಣ ವಾಹನ, ದಾಸ್ತಾನಿನ ಮಿತಿ, ವಿದ್ಯುತ್ ತಂತಿಗಳ ತಪಾಸಣೆ ಮುಂತಾದ ಬದಲಿ ಏರ್ಪಾಟುಗಳಿಂದ ಅಪಾಯವನ್ನು ತಗ್ಗಿಸುವುದು ಸಾಧ್ಯವಿರುವ ಮಾರ್ಗ.

ನಿಯಮ ಮೀರಿ ಕಟ್ಟಿದವುಗಳ ಸ್ಥಿತಿ ಬೇರೆ. ಸೆಟ್‌ಬ್ಯಾಕ್ ಉಲ್ಲಂಘನೆಯನ್ನು ವಾಸದ ಕಟ್ಟಡಗಳಲ್ಲಿ ಶೇ. 50ರವರೆಗೆ, ವಾಣಿಜ್ಯ ಕಟ್ಟಡಗಳಲ್ಲಿ ಶೇ. 25ರವರೆಗೆ ದಂಡ ಪಡೆದು ಕ್ರಮಬದ್ಧಗೊಳಿಸಲು ಉದ್ದೇಶಿಸಿದ್ದ ಕರ್ನಾಟಕದ ಅಕ್ರಮ-ಸಕ್ರಮ ಯೋಜನೆಗೆ ಸರ್ವೋಚ್ಚ ನ್ಯಾಯಾಲಯ 2017ರ ಜನವರಿಯಲ್ಲಿ ತಡೆ ನೀಡಿತು. ದಂಡ ಕಟ್ಟಿದರೆ ಕಾಗದದಲ್ಲಿ ತಪ್ಪು ಸರಿಹೋಗುತ್ತದೆ, ಏಣಿ ನಿಲ್ಲಬೇಕಾದ ಜಾಗ ಮಾತ್ರ ಮರಳುವುದಿಲ್ಲ ಎಂಬುದು ಇಂಥ ಯೋಜನೆಗಳ ಮೇಲಿನ ಮುಖ್ಯ ಆಕ್ಷೇಪ. 2024ರ ಡಿಸೆಂಬರ್ 17ರಂದು ಉತ್ತರ ಪ್ರದೇಶದ ಪ್ರಕರಣವೊಂದರಲ್ಲಿ ಅದೇ ನ್ಯಾಯಾಲಯ, ಸ್ವಾಧೀನಾನುಭವ ಪ್ರಮಾಣಪತ್ರವಿಲ್ಲದ ಕಟ್ಟಡಗಳಿಗೆ ವಿದ್ಯುತ್, ನೀರಿನ ಸಂಪರ್ಕ ಕೊಡಬಾರದೆಂದೂ ಬ್ಯಾಂಕುಗಳು ಅದನ್ನು ಪರಿಶೀಲಿಸಿಯೇ ಸಾಲ ನೀಡಬೇಕೆಂದೂ ದೇಶಕ್ಕೆಲ್ಲ ಅನ್ವಯಿಸುವ ನಿರ್ದೇಶನ ನೀಡಿತು. ಓಸಿ ಇಲ್ಲದೆಯೇ ಲಕ್ಷಾಂತರ ಜನ ವಾಸವಾಗಿರುವ ಬೆಂಗಳೂರಿನಲ್ಲಿ ಇದರ ಪರಿಣಾಮ ಕೂಡಲೇ ಕಂಡುಬಂದು, ಹೊಸ ಮನೆಗಳ ವಿದ್ಯುತ್ ಸಂಪರ್ಕ ದೊಡ್ಡ ಚರ್ಚೆಯಾಯಿತು.

ಹೊಸ ಅಪಾಯಗಳು

ಲಂಡನ್ನಿನ ಗ್ರೆನ್‌ಫೆಲ್ ಟವರಿನಲ್ಲಿ 2017ರ ಜೂನ್ 14ರಂದು 72 ಮಂದಿ ಸತ್ತುದಕ್ಕೆ ಮುಖ್ಯ ಕಾರಣ, ನವೀಕರಣದ ವೇಳೆ ಹೊರಗೋಡೆಗೆ ಹೊದಿಸಿದ, ನಡುವೆ ಪಾಲಿಥೀನ್ ಪದರವಿದ್ದ ಅಲ್ಯೂಮಿನಿಯಂ ಹಲಗೆಗಳು. ಇಂಗ್ಲೆಂಡ್ 2018ರಲ್ಲಿ 18 ಮೀಟರಿಗಿಂತ ಎತ್ತರದ ವಸತಿ ಕಟ್ಟಡಗಳ ಹೊರಗೋಡೆಯಲ್ಲಿ ಸುಡುವ ಸಾಮಗ್ರಿಯನ್ನು ನಿಷೇಧಿಸಿ, 2022ರ ಕಟ್ಟಡ ಸುರಕ್ಷಾ ಕಾಯಿದೆಯಿಂದ ಕಟ್ಟಡದ ಆಯುಷ್ಯವಿಡೀ ಹೊಣೆಗಾರರನ್ನು ಹೆಸರಿಸುವ ವ್ಯವಸ್ಥೆಯನ್ನು ತಂದಿತು. ಭಾರತದ ನಗರಗಳಲ್ಲೂ ಇಂಥದೇ ಹಲಗೆಗಳು ಅಂಗಡಿ, ಕಚೇರಿಗಳ ಮುಖವನ್ನು ಹೊದ್ದಿರುವುದರಿಂದ ಈ ಅನುಭವ ಇಲ್ಲಿಗೂ ಸಲ್ಲುತ್ತದೆ.

ಇನ್ನೊಂದು ಅಪಾಯ ಲಿಥಿಯಂ-ಅಯಾನ್ ಬ್ಯಾಟರಿಯದು. ಇದರ ಬೆಂಕಿ ಒಳಗಿನ ರಾಸಾಯನಿಕ ಕ್ರಿಯೆಯಿಂದಲೇ ಬೆಳೆಯುವುದರಿಂದ ನಂದಿಸಿದ ಮೇಲೂ ಮತ್ತೆ ಹೊತ್ತಿಕೊಳ್ಳಬಲ್ಲುದು, ವಿಷಾನಿಲವನ್ನೂ ಸೂಸುತ್ತದೆ. 2022ರ ಸೆಪ್ಟೆಂಬರಿನಲ್ಲಿ ಸಿಕಂದರಾಬಾದಿನಲ್ಲಿ ವಿದ್ಯುತ್ ಸ್ಕೂಟರುಗಳ ಮಳಿಗೆಯಿಂದ ಎದ್ದ ಬೆಂಕಿ, ಹೊಗೆ ಮೇಲಿನ ಹೋಟೆಲಿಗೆ ಏರಿ 8 ಮಂದಿ ಸತ್ತರು. ವಿದ್ಯುತ್ ವಾಹನಗಳಿಗೆ ನಿಲುಗಡೆ ತಾಣಗಳಲ್ಲಿ ಚಾರ್ಜಿಂಗ್ ವ್ಯವಸ್ಥೆ ಇರಬೇಕೆಂದು ಮಾದರಿ ಉಪವಿಧಿಗಳಿಗೆ 2019ರಲ್ಲೇ ತಿದ್ದುಪಡಿಯಾಗಿತ್ತು. ಪ್ರೋತ್ಸಾಹದ ನಿಯಮ ಮೊದಲು ಬಂದು ಸುರಕ್ಷತೆಯ ವಿವರ ಹಿಂದೆ ಉಳಿಯುವುದು ಹೊಸ ತಂತ್ರಜ್ಞಾನಗಳ ವಿಷಯದಲ್ಲಿ ಮರಳಿ ಮರಳಿ ಕಾಣುವ ಕ್ರಮ.

ಮೌಲ್ಯಮಾಪನ

ಐವತ್ತು ವರ್ಷಗಳಿಗೂ ಮಿಕ್ಕ ಅವಧಿಯಲ್ಲಿ ಭಾರತದ ಸಂಹಿತೆ ವಿಸ್ತಾರದಲ್ಲೂ ತಾಂತ್ರಿಕ ಸೂಕ್ಷ್ಮತೆಯಲ್ಲೂ ಬಹಳ ಬೆಳೆದು, ಅಂತರರಾಷ್ಟ್ರೀಯ ಸಂಹಿತೆಗಳ ಸಾಲಿನಲ್ಲಿ ನಿಲ್ಲಬಲ್ಲುದಾಗಿದೆ. ಕೊರತೆಯಿರುವುದು ಅದನ್ನು ರಾಜ್ಯದ ನಿಯಮಕ್ಕೆ ಇಳಿಸುವ ವೇಗದಲ್ಲಿ, ನಿಯಮವನ್ನು ಪರಿಶೀಲಿಸುವ ಸಿಬ್ಬಂದಿಯ ಸಂಖ್ಯೆ ಮತ್ತು ತರಬೇತಿಯಲ್ಲಿ, ಹಾಗೂ ಓಸಿ ಕೊಟ್ಟ ದಿನದಿಂದಾಚೆಗೆ ಕಟ್ಟಡ ಹೇಗೆ ಬಳಕೆಯಾಗುತ್ತಿದೆ ಎಂಬುದರ ಮೇಲಿನ ನಿಗಾದಲ್ಲಿ. ಪಾಲಿಕೆ, ಅಗ್ನಿಶಾಮಕ ಇಲಾಖೆ, ವಿದ್ಯುತ್ ಪರಿವೀಕ್ಷಣಾಲಯ ಮತ್ತು ವ್ಯಾಪಾರ ಪರವಾನಗಿ ನೀಡುವ ವಿಭಾಗಗಳು ಒಂದೇ ಕಟ್ಟಡವನ್ನು ಬೇರೆ ಬೇರೆ ಕಡತಗಳಲ್ಲಿ ನೋಡುವುದರಿಂದ, ನಕ್ಷೆಯಲ್ಲಿ ವಾಹನ ನಿಲುಗಡೆಯಾಗಿರುವ ನೆಲಮಾಳಿಗೆ ಗೋದಾಮಾಗಿ ಬದಲಾದುದು ಯಾರ ಗಮನಕ್ಕೂ ಬಾರದೆ ಉಳಿಯುತ್ತದೆ. ಆದ್ದರಿಂದ ಸಂಹಿತೆಯ ಮುಂದಿನ ಪರಿಷ್ಕರಣೆಗಳ ಸಾರ್ಥಕತೆ, ಹೊಸದಾಗಿ ಸೇರುವ ಅಳತೆಗಳಷ್ಟೇ, ನಿಗದಿತ ಅವಧಿಯ ತಪಾಸಣೆ, ಅದರ ಫಲಿತಾಂಶದ ಬಹಿರಂಗ ಪ್ರಕಟಣೆ ಮತ್ತು ತಪ್ಪಿದಾಗ ಹೊಣೆ ಹೊರುವವರ ಸ್ಪಷ್ಟ ಗುರುತು ಎಂಬ ಮೂರು ಏರ್ಪಾಟುಗಳನ್ನು ರಾಜ್ಯಗಳ ಶಾಸನಗಳು ಎಷ್ಟರಮಟ್ಟಿಗೆ ಒಳಗೊಳ್ಳುತ್ತವೆ ಎಂಬುದನ್ನು ಅವಲಂಬಿಸಿದೆ.